ಎಡ ಹಿಂಬದಿಯ ಚಕ್ರ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಿಂದ ನಮ್ಮ ಬೀದಿಗೆ ನಡೆದು ಬಂದರೆ ಮೂರನೇ ತಿರುವಿನಲ್ಲೇ ರೇಷ್ಮೆಗೂಡು ಬೇಯಿಸುವ ವಾಸನೆ ಹಿಡಿಯುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಮನೆ ಹತ್ತಿರ ಬಂತು ಅನ್ನುವ ಗುರುತು, ಅಷ್ಟೇ. ಹೋದ ತಿಂಗಳು ಮಾತ್ರ ಆ ವಾಸನೆಯ ಜೊತೆ ಇನ್ನೊಂದು ಸೇರಿಕೊಂಡಿತ್ತು. ಮನೆ ಮುಂದಿನ ಶೆಡ್ಡಿನಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ಬೇರಿಂಗ್ ಒಂದನ್ನು ಪೆಟ್ರೋಲಿನಲ್ಲಿ ತೊಳೆದು ಹೊಸ ಗ್ರೀಸ್ ತುಂಬುತ್ತಿದ್ದ. ಗೂಡಿನ ಬಿಸಿನೀರು, ಹೊಸ ಗ್ರೀಸು, ಪೆಟ್ರೋಲು, ಮೂರೂ ಒಟ್ಟಿಗೆ ಮೂಗಿಗೆ ಬಿದ್ದದ್ದೇ ತಡ, ನಾನು ನನ್ನ ಇಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಹೋಗಿ ನಿಂತುಬಿಟ್ಟೆ.

ಆ ವರ್ಷದ ಬಗ್ಗೆ ಏಳು ವರ್ಷದಿಂದ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಾಚಿಕೆ ಇತ್ತು. ಈಗ ನಾಚಿಕೆ ಹೋಗಿ ಕೋಪ ಬಂದು ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಲೆಕ್ಕ ತಪ್ಪಿದ್ದರಿಂದ ಒಬ್ಬ ಗೆಳೆಯ ಸಾಯುವುದರಲ್ಲಿದ್ದ ಎಂದು ನಂಬಿಕೊಂಡು ಏಳು ವರ್ಷ ಬದುಕಿದೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಅದು ಗೊತ್ತಿದ್ದವರು ನನ್ನ ಕಣ್ಣೆದುರಿಗೇ ಓಡಾಡಿಕೊಂಡಿದ್ದರು, ಊಟ ಬಡಿಸುತ್ತಿದ್ದರು, ಹಬ್ಬಕ್ಕೆ ಫೋನ್ ಮಾಡುತ್ತಿದ್ದರು.

ಮೊದಲು ಅಪ್ಪನ ಬಗ್ಗೆ ಹೇಳಬೇಕು. ಹೆಸರು ರಾಮಚಂದ್ರಪ್ಪ, ಕೆಲಸ ಫಿಟ್ಟರ್. ಗೂಡಿನಿಂದ ನೂಲು ಬಿಚ್ಚುವ ಮೆಷಿನ್ನುಗಳು ನಮ್ಮೂರಲ್ಲಿ ಮನೆಮನೆಗೂ ಇವೆ. ಅವುಗಳ ಚಕ್ರ ಒಂದು ಚೂರು ತಡೆದು ತಿರುಗಿದರೂ ಎಳೆ ಪಟ್ಟನೆ ಹರಿಯುತ್ತದೆ. ಹಾಗೆ ಹರಿಯದಂತೆ ನೋಡಿಕೊಳ್ಳುವುದೇ ಅಪ್ಪನ ಜೀವನ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಒಳಗೆ ಏನಾಗಿದೆ ಅಂತ ಹೇಳಿಬಿಡುತ್ತಿದ್ದ. ಆಯುಧ ಪೂಜೆ ಬಂದರೆ ಯೂನಿಟ್ಟಿನಿಂದ ಯೂನಿಟ್ಟಿಗೆ ಅಪ್ಪನನ್ನು ಕರೆದುಕೊಂಡು ಹೋಗುವವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಪ್ರತಿ ಚಕ್ರವನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಬಿಗಿ ಇದ್ದರೆ ನಟ್ಟನ್ನು ಒಂದೆಳೆ ಹಿಂದಕ್ಕೆ ಬಿಟ್ಟು, ಅದು ತನ್ನ ಪಾಡಿಗೆ ತಾನು ತಿರುಗುತ್ತಿದೆ ಅನ್ನುವುದು ಖಾತ್ರಿಯಾದ ಮೇಲೇ ಕುಂಕುಮ ಇಡುತ್ತಿದ್ದ. ಬಿಗಿಯಾದ ಚಕ್ರಕ್ಕೆ ಪೂಜೆ ಮಾಡಿದರೆ ವರ್ಷವೆಲ್ಲ ತಡೆಯುತ್ತದೆ ಎನ್ನುವುದು ಅವನು ತನ್ನ ಗುರುವಿನಿಂದ ಕಲಿತ ಕಟ್ಟುಪಾಡು.

ನಾನು ಅವನ ಒಬ್ಬಳೇ ಮಗಳು, ಸುಮ. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಸೇರಿದೆ. ಹುಡುಗಿಗೆ ಮೆಕ್ಯಾನಿಕಲ್ ಯಾಕೆ ಅಂತ ನೆಂಟರೆಲ್ಲ ಕೇಳಿದಾಗ ಅಪ್ಪ, “ನನ್ನ ಕೈಯಿ ಅವಳಿಗೆ ಬಂದೈತೆ, ಓದು ಅವಳದು ಸೇರ್ಕೊಳ್ಳುತ್ತೆ, ಬಿಡ್ರಿ,” ಅಂದಿದ್ದ. ಆ ಮಾತನ್ನು ನಾನು ಎದೆಗೆ ಕಟ್ಟಿಕೊಂಡು ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದೆ.

ಕೊನೆಯ ವರ್ಷ ನಾವು ಹನ್ನೆರಡು ಜನ ಸೇರಿ ರೇಸ್ ಕಾರು ಕಟ್ಟಿದೆವು. ಬೇರೆ ಬೇರೆ ರಾಜ್ಯದ ಕಾಲೇಜುಗಳು ತಾವೇ ಕಟ್ಟಿದ ಕಾರು ತಂದು ಓಡಿಸುವ ಒಂದು ಸ್ಪರ್ಧೆ ತಮಿಳುನಾಡಿನ ಟ್ರ್ಯಾಕಿನಲ್ಲಿ ಇತ್ತು. ನಮ್ಮ ಕ್ಯಾಪ್ಟನ್ ನವೀನ್, ಗೌರಿಬಿದನೂರಿನವನು. ಅವರಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನವೀನ್ ಮಾತಿನ ಮಲ್ಲ. ಪ್ರಿನ್ಸಿಪಾಲರ ಹತ್ತಿರ ಶೆಡ್ಡು, ಅಂಗಡಿಯವರ ಹತ್ತಿರ ಹಳೇ ಬೈಕಿನ ಇಂಜಿನ್ನು, ಎಲ್ಲ ಅವನ ಬಾಯಿಯಿಂದಲೇ ಬಂದವು. ಡ್ರೈವರ್ ಕೂಡ ಅವನೇ. ಹಿಂದಿನ ಎರಡು ಚಕ್ರ ಕೂತುಕೊಳ್ಳುವ ಹಬ್ಬು, ಅದರೊಳಗಿನ ಬೇರಿಂಗು, ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಡ್ರೈವ್ ಶಾಫ್ಟು, ಇಷ್ಟು ನನ್ನ ಪಾಲಿಗೆ ಬಂತು. ಬಂತು ಅಂದರೆ ಜಗಳ ಮಾಡಿ ಕಿತ್ತುಕೊಂಡೆ. ಹುಡುಗಿಯರಿಗೆ ಸ್ಟಿಕ್ಕರ್, ಬಣ್ಣ, ರಿಪೋರ್ಟು ಅಂತ ಮೊದಲೇ ಹಂಚಿಟ್ಟಿದ್ದರು.

ಆ ವರ್ಷ ಮಳೆ ಬೇಗ ಬಂತು. ಶೆಡ್ಡಿನ ತಗಡಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ನಂದಿ ಬೆಟ್ಟ ವಾರಗಟ್ಟಲೆ ಮೋಡದಲ್ಲಿ ಮುಚ್ಚಿಕೊಂಡಿರುತ್ತಿತ್ತು. ನಾನು ಮೂಲೆಯ ಡೆಸ್ಕಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಶಾಫ್ಟು ಎಷ್ಟು ದಪ್ಪ ಇರಬೇಕು ಅಂತ ಕೇಳಿದರೆ ಎಲ್ಲರೂ ಇಂಜಿನ್ನಿನ ಕಡೆ ಕೈ ತೋರಿಸುತ್ತಾರೆ. ನಾನೂ ಹದಿನೈದು ದಿನ ಹಾಗೇ ಮಾಡಿ ಹಾಳಾದೆ. ಆಮೇಲೆ ಒಂದು ಬೆಳಿಗ್ಗೆ ಬಸ್ಸು ಕೆಸರಿನಲ್ಲಿ ಸಿಕ್ಕಿ ಚಕ್ರ ಬರಿದೇ ಸುತ್ತುತ್ತಿದ್ದಾಗ ತಲೆಗೆ ಹೊಳೆಯಿತು. ಇಂಜಿನ್ನು ಎಷ್ಟೇ ಒದ್ದಾಡಲಿ, ಟೈರು ನೆಲವನ್ನು ಹಿಡಿದುಕೊಂಡಷ್ಟು ಹೊತ್ತು ಮಾತ್ರ ಶಾಫ್ಟಿಗೆ ಭಾರ. ಟೈರು ಜಾರಿತೋ, ಶಾಫ್ಟಿನ ಮೇಲಿನ ತಿರುಚು ಅಲ್ಲಿಗೆ ನಿಂತಿತು. ಹಾಗಾಗಿ ಲೆಕ್ಕ ಟೈರಿನಿಂದ ಶುರುವಾಗಬೇಕು, ಇಂಜಿನ್ನಿನಿಂದಲ್ಲ. ಹೀಗೆ ಮಾಡಿದಾಗ ಶಾಫ್ಟು ಸಣ್ಣದಾಯಿತು. ನಡುವೆ ಉದ್ದಕ್ಕೂ ಕೊರೆದು ಟೊಳ್ಳು ಮಾಡಿದೆ, ತೂಕ ಇನ್ನೂ ಇಳಿಯಿತು. ನಮ್ಮ ಗೈಡ್ ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಮನೆಯಲ್ಲಿ ಅಪ್ಪನಿಗೆ ಚಿತ್ರ ತೋರಿಸಿದೆ.

“ಟೊಳ್ಳಿದ್ರೆ ಮುರಿಯಲ್ವಾ ಅಂತಾರೆ ಅಪ್ಪ.”

“ಬಿದಿರು ಟೊಳ್ಳೇ ತಾನೇ? ಅದು ಮುರಿಯೋದು ಯಾವತ್ತು ನೋಡಿದ್ದೀಯ?” ಅಂದ. ಮೇಷ್ಟ್ರಿಗೆ ಅರ್ಧ ಗಂಟೆ ಸಮೀಕರಣ ಬರೆದು ಒಪ್ಪಿಸಿದ್ದನ್ನು ಅಪ್ಪ ಅನ್ನ ಕಲಸುತ್ತಾ ಒಪ್ಪಿಕೊಂಡುಬಿಟ್ಟ.

ನಾವಿಬ್ಬರೂ ಒಪ್ಪದಿದ್ದದ್ದು ಬೇರಿಂಗಿನ ವಿಷಯದಲ್ಲಿ. ರೇಸ್ ಕಾರು ಜೋರಾಗಿ ತಿರುವು ತೆಗೆದುಕೊಂಡಾಗ ಇಡೀ ಕಾರಿನ ಪಕ್ಕದ ಒತ್ತಡ ಬಂದು ಹಬ್ಬಿನ ಮೇಲೆ ಬೀಳುತ್ತದೆ. ಒಳಗೆ ಕೂದಲೆಳೆಯಷ್ಟು ಸಡಿಲ ಇದ್ದರೂ ಚಕ್ರ ವಾಲುತ್ತದೆ, ಬೇರಿಂಗಿನ ಒಳಗಿನ ಉರುಳೆಗಳು ಅಂಚಿನ ಮೇಲೆ ನಿಂತು ಕುಟ್ಟಿಕೊಳ್ಳುತ್ತವೆ. ಅದಕ್ಕೇ ಎದುರುಬದುರಾಗಿ ಎರಡು ಬೇರಿಂಗ್ ಕೂರಿಸಿ, ಹೊರಗಿನ ನಟ್ಟಿನಿಂದ ಅವನ್ನು ಒಂದಿಷ್ಟು ಒತ್ತಿ ಹಿಡಿಯಬೇಕು. ಇನ್ನೊಂದು ತೊಡಕೂ ಇತ್ತು. ಬೇರಿಂಗ್ ಕೂತಿದ್ದ ಮನೆ ಅಲ್ಯೂಮಿನಿಯಂದು. ಬ್ರೇಕಿನ ಬಿಸಿಗೆ ಅದು ಹಿಗ್ಗಿ ಹಿಡಿತ ಕಡಿಮೆಯಾಗುತ್ತದೆ. ಓಡುವಾಗ ಸರಿಯಾಗಿರಬೇಕಾದರೆ ತಣ್ಣಗಿದ್ದಾಗ ಸ್ವಲ್ಪ ಹೆಚ್ಚೇ ಬಿಗಿ ಇರಬೇಕು. ಎಷ್ಟು ಹೆಚ್ಚು ಅನ್ನುವುದನ್ನು ಕಂಡುಹಿಡಿಯುವುದಕ್ಕೆ ನನಗೆ ಒಂದು ಇಡೀ ತಿಂಗಳು ಹಿಡಿಯಿತು. ನಾನು ಹೇಳಿದ ಬಿಗಿಯಲ್ಲಿ ನಿಂತ ಕಾರಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಗಟ್ಟಿ ಗಂಜಿಯಲ್ಲಿ ಸೌಟು ತಿರುಗಿಸಿದ ಹಾಗೆ ಭಾರವಾಗಿ ತಿರುಗುತ್ತಿತ್ತು.

“ಬೇರಿಂಗ್ ಅಂದ್ರೆ ಉಸಿರಾಡ್ಬೇಕು ಕಣಮ್ಮ. ಹಿಂಗೆ ಕತ್ತು ಹಿಸುಕಿದ್ರೆ ಬೆಂದೋಗುತ್ತೆ,” ಅಂದ ಅಪ್ಪ.

ನಾನು ಬಿಡಿಸಿ ಬಿಡಿಸಿ ಹೇಳಿದೆ. ಹಿಗ್ಗುವುದು, ವಾಲುವುದು, ಎಲ್ಲ. ನಮ್ಮ ಮೆಷಿನ್ನಿನ ಚಕ್ರಕ್ಕೆ ಪಕ್ಕದಿಂದ ಯಾರೂ ಒದೆಯುವುದಿಲ್ಲ, ಇದಕ್ಕೆ ಒದೆಯುತ್ತಾರೆ ಅಂತ ಕೂಡ ಹೇಳಿದೆ. ಕೊನೆಗೆ, “ಆಯ್ತಮ್ಮ, ನೀನು ಓದಿರೋಳು. ನಿನ್ನ ಲೆಕ್ಕ ನಿಂದು,” ಅಂದು ಕೈ ತೊಳೆಯಲು ಎದ್ದ. ಅವತ್ತು ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಊರಲ್ಲಿ ಯಾರ ಮಾತನ್ನೂ ಕೇಳದ ಫಿಟ್ಟರ್ ರಾಮಚಂದ್ರಪ್ಪ ಮಗಳ ಮಾತು ಕೇಳಿದ ಅಂತ ಮಾರನೇ ದಿನ ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಮೆರೆದೆ.

ಎರಡು ಹಿಂದಿನ ಹಬ್ಬುಗಳನ್ನೂ ನನ್ನ ಕೈಯಾರೆ ಕಟ್ಟಿದೆ. ನಟ್ಟು ಬಿಗಿ ಮಾಡಿ, ನಟ್ಟಿನ ಮೇಲಿಂದ ಹಬ್ಬಿನ ಮೇಲಕ್ಕೆ ನನ್ನ ಕೆಂಪು ನೇಲ್ ಪಾಲಿಷಿನಲ್ಲಿ ಒಂದು ಗೆರೆ ಎಳೆದೆ. ನಟ್ಟು ಯಾರಾದರೂ ಅಲುಗಿಸಿದರೆ ಗೆರೆ ಮುರಿದು ಕಾಣುತ್ತದೆ. ಗೆರೆ ನೆಟ್ಟಗಿದ್ದರೆ ಚಿಂತೆಯಿಲ್ಲ.

ಕಾರು ಲಾರಿ ಹತ್ತಬೇಕಾದ ಹಿಂದಿನ ದಿನವೇ ಆಯುಧ ಪೂಜೆ ಬಿತ್ತು. ಪೂಜೆಗೆ ಯಾರನ್ನು ಕರೆಯೋಣ ಅಂದಾಗ ನವೀನನೇ, “ನಿಮ್ಮಪ್ಪನ್ನ ಕರಿ ಕಣೇ, ಅವ್ರ ಕೈಯಲ್ಲೇ ಮಾಡಿಸಣ,” ಅಂದ. ಅಪ್ಪ ಊರಿನ ಯೂನಿಟ್ಟುಗಳನ್ನೆಲ್ಲ ಬೆಳಗ್ಗೆಯೇ ಮುಗಿಸಿ, ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದ. ಹೂವು, ಬೂದುಗುಂಬಳಕಾಯಿ, ಕಡ್ಲೆಪುರಿ ತರುವುದಕ್ಕೆ ನಾವೆಲ್ಲ ಮಾರ್ಕೆಟ್ಟಿಗೆ ಹೋದೆವು. ಅಪ್ಪ ಶೆಡ್ಡಿನಲ್ಲಿ ಕಾರಿನ ಹತ್ತಿರ ಒಬ್ಬನೇ ಉಳಿದ. ವಾಪಸ್ಸು ಬರುವಷ್ಟರಲ್ಲಿ ಎಡ ಹಿಂಬದಿಯ ಚಕ್ರಕ್ಕೆ ವಿಭೂತಿ ಬಳಿದು ಕುಂಕುಮ ಇಟ್ಟಾಗಿತ್ತು. ಬಟ್ಟೆಯ ಚೂರಿಗೆ ಕೈ ಒರೆಸುತ್ತಾ ನಿಂತಿದ್ದ. ಉಳಿದ ಮೂರಕ್ಕೆ ನಮ್ಮೆದುರಿಗೇ ಇಟ್ಟ. ಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾರನ್ನು ಮುಂದಕ್ಕೆ ತಳ್ಳಿದೆವು. ಮೇಷ್ಟ್ರು ಅಪ್ಪನಿಗೆ ಶಾಲು ಹೊದಿಸಿದರು. ಆ ಫೋಟೋದಲ್ಲಿ ನಾನು ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದೇನೆ.

ಟ್ರ್ಯಾಕಿನಲ್ಲಿ ಮೊದಲನೇ ದಿನ ಓಟವಿಲ್ಲ, ಬರೀ ಪ್ರಶ್ನೆ. ತೀರ್ಪುಗಾರರು ಒಂದೊಂದು ಭಾಗವನ್ನೂ ಯಾಕೆ ಹೀಗೆ ಮಾಡಿದಿರಿ ಅಂತ ಕೇಳುತ್ತಾರೆ. ಅವರ ಜೊತೆ ರೇಸ್ ಕಾರು ತಯಾರಿಸುವ ಹೊರರಾಜ್ಯದ ಒಂದು ಕಂಪನಿಯ ನರೆತ ತಲೆಯ ಇಂಜಿನಿಯರ್ ಒಬ್ಬರು ಬಂದಿದ್ದರು. ನನ್ನ ಹಾಳೆಗಳನ್ನು ತಿರುವಿ ತಿರುವಿ ನೋಡಿ, ಲೆಕ್ಕ ಟೈರಿನಿಂದ ಶುರುಮಾಡಿದ್ದು ಯಾರು ಅಂತ ಕೇಳಿದರು. “ನಾನೇ,” ಅಂದೆ. ಓದು ಮುಗಿಯುವ ಮೊದಲೇ ನಮ್ಮಲ್ಲಿಗೆ ಇಂಟರ್‌ವ್ಯೂಗೆ ಬಾ, ನಿಮ್ಮ ಟೀಮಿನಿಂದ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಅಂದರು. ನನಗೆ ಬೇಕಾಗಿದ್ದ ಕೆಲಸ ಜಗತ್ತಿನಲ್ಲಿ ಅದೊಂದೇ. ಅಷ್ಟು ಹತ್ತಿರ ಬಂದಿತ್ತು.

ಮಾರನೇ ದಿನ ಬೆಳಿಗ್ಗೆ ಚಕ್ರಗಳನ್ನು ನೋಡಿದೆ. ಎರಡೂ ಕಡೆ ಕೆಂಪು ಗೆರೆ ನೆಟ್ಟಗಿತ್ತು. ತಿರುಗಿಸಿ ನೋಡಿದೆ. ಎಡಗಡೆಯದು ಬಲಗಡೆಯದಕ್ಕಿಂತ ಎರಡು ಸುತ್ತು ಹೆಚ್ಚಿಗೆ ಹೋಯಿತು. “ಲೆಫ್ಟ್ ಸೂಪರಾಗಿದೆ ಸುಮ,” ಅಂದ ನವೀನ್. ನಾನೂ ಬೀಗಿದೆ. ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು. ನೋಡಲಿಲ್ಲ. ಗೆರೆಯನ್ನು ನಂಬಿದೆ. ಅದು ನನ್ನ ತಪ್ಪು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಒಂಬತ್ತನೇ ಸುತ್ತಿನಲ್ಲಿ ಎಡ ಹಿಂಬದಿಯ ಚಕ್ರದಿಂದ ಹೊಗೆ ಬಂತು. ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಬೇರಿಂಗ್ ಕಚ್ಚಿಕೊಂಡು, ಶಾಫ್ಟು ತುದಿಯ ಜಾಯಿಂಟಿನಿಂದ ಕಿತ್ತುಬಂದು ಕಬ್ಬಿಣದ ದೊಣ್ಣೆಯ ಹಾಗೆ ಸುತ್ತಿ ಸುತ್ತಿ ಸೀಟಿನ ಬೆನ್ನಿಗೆ ಬಡಿಯಿತು. ಕಾರು ಎರಡು ಗಿರಕಿ ಹೊಡೆದು ಟೈರಿನ ಗೋಡೆಗೆ ಹೋಗಿ ಗುದ್ದಿತು. ನಾನು ಓಡಿದೆ. ಓಡುವಾಗ ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ನವೀನ್ ತಾನೇ ಬೆಲ್ಟ್ ಬಿಚ್ಚಿಕೊಂಡು ಇಳಿದ. ಏನೂ ಆಗಿರಲಿಲ್ಲ. ಸೀಟಿನ ತಗಡು ಒಳಕ್ಕೆ ಬಾಗಿದ್ದನ್ನು ನೋಡಿದೆ. ಇನ್ನು ನಾಲ್ಕು ಬೆರಳು ಒಳಗೆ ಬಂದಿದ್ದರೆ ಅವನ ಬೆನ್ನುಮೂಳೆ.

ಅವನ ಎರಡೂ ಕೈ ಹಿಡಿದುಕೊಂಡು, “ನನ್ನಿಂದ ಆಯ್ತು, ಕ್ಷಮಿಸು ಕಣೋ,” ಅಂತ ಅತ್ತೆ. “ಪರವಾಗಿಲ್ಲ ಬಿಡೇ,” ಅಂದ. ಆಗ ಅವನಿಗೂ ಏನೂ ಗೊತ್ತಿರಲಿಲ್ಲ, ಆ ಮಟ್ಟಿಗೆ ಅವನು ಪ್ರಾಮಾಣಿಕ.

ಬಿಚ್ಚಿ ನೋಡಿದರೆ ಬೇರಿಂಗ್ ಬಿಸಿಗೆ ನೀಲಿಗಟ್ಟಿತ್ತು. ಮೇಷ್ಟ್ರು ನನ್ನ ಹಾಳೆಯ ಮೇಲೆ ಬೆರಳಿಟ್ಟು, ತಣ್ಣಗಿದ್ದಾಗಲೇ ಇಷ್ಟು ಬಿಗಿ ಕೊಟ್ಟರೆ ಬೇಯದೆ ಇನ್ನೇನಾಗುತ್ತದೆ ಅಂದರು. ಬಲಗಡೆಯದಕ್ಕೂ ಅಷ್ಟೇ ಬಿಗಿ ಕೊಟ್ಟಿದ್ದೆ ಸಾರ್, ಅದು ಹೊಸದರ ಹಾಗೆ ಇದೆಯಲ್ಲ ಅಂದೆ. “ಅದು ಅದೃಷ್ಟ. ಒಬ್ಬ ಹುಡುಗನ ಜೀವ ಉಳಿದಿದೆ, ಇನ್ನೂ ವಾದ ಮಾಡ್ತೀಯಾ?” ಅಂದರು. ವರದಿಯಲ್ಲಿ ನನ್ನ ಹೆಸರು ಬಂತು, ಲೆಕ್ಕದ ದೋಷ ಅಂತ.

ಆ ಬೇರಿಂಗನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಬಂದೆ. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಉರುಳೆಗಳನ್ನು ಒಂದೊಂದಾಗಿ ಉಗುರಿನಿಂದ ಸವರಿದ. ನಾನು ಗೋಡೆಗೆ ಒರಗಿ, “ನನ್ನ ಲೆಕ್ಕ ತಪ್ಪಾಯ್ತು ಅಪ್ಪ. ನೀನು ಹೇಳಿದ್ದೇ ಸರಿ. ನವೀನ್ ಸತ್ತೋಗ್ತಿದ್ದ,” ಅಂತ ಬಿಕ್ಕಿದೆ. ಅಪ್ಪ ಬೇರಿಂಗನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ.

“ಹೋಗ್ಲಿ ಬಿಡಮ್ಮ. ಲೆಕ್ಕ ಎಲ್ರಿಗೂ ತಪ್ಪುತ್ತೆ,” ಅಂದ.

ಇಂಟರ್‌ವ್ಯೂಗೆ ನಾನು ಹೋಗಲಿಲ್ಲ. ಪತ್ರ ಬಂದಿತ್ತು, ಟಿಕೆಟ್ಟೂ ಮಾಡಿಸಿದ್ದೆ. ನನ್ನ ಲೆಕ್ಕದ ಮೇಲೆ ಇನ್ಯಾರೋ ಕೂತು ಕಾರು ಓಡಿಸುವುದನ್ನು ನೆನೆದು ಟಿಕೆಟ್ಟನ್ನು ಎತ್ತಿಟ್ಟುಬಿಟ್ಟೆ. ನವೀನ್ ಹೋದ, ಆಯ್ಕೆಯಾದ. ಬೀಳ್ಕೊಡುಗೆಯ ದಿನ ಮತ್ತೊಮ್ಮೆ ಕ್ಷಮೆ ಕೇಳಿದೆ. “ಅಯ್ಯೋ, ಎಷ್ಟು ಸಲ ಕೇಳ್ತೀಯ, ಬಿಡು,” ಅಂತ ತಲೆ ಸವರಿದ. ಎಂಥಾ ದೊಡ್ಡ ಮನಸ್ಸು ಅಂದುಕೊಂಡೆ. ನಾನು ಚಿಂತಾಮಣಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೆಷಿನ್ ಡ್ರಾಯಿಂಗ್ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ಬೇರೆಯವರು ಮಾಡಿದ ಲೆಕ್ಕಕ್ಕೆ ಚಿತ್ರ ಬರೆಯುವುದು. ಹೋದ ವರ್ಷ ನಾಲ್ಕು ಹುಡುಗಿಯರು ಬಂದು, ಮೇಡಂ, ನಾವೂ ಒಂದು ಸಣ್ಣ ಕಾರು ಕಟ್ಟೋಣ, ನೀವೇ ಗೈಡ್ ಆಗಿ ಅಂದರು. ನನ್ನ ಕೈಲಾಗುವುದಿಲ್ಲ ಅಂತ ಕಳಿಸಿಬಿಟ್ಟೆ. ಅವರ ಮುಖ ಬಾಡಿದ್ದು ಕಂಡರೂ ಕಾಣದವಳ ಹಾಗೆ ಹಾಜರಿ ಪುಸ್ತಕ ತೆರೆದೆ.

ಹೋದ ತಿಂಗಳು, ಆ ಗ್ರೀಸಿನ ವಾಸನೆಯ ದಿನ, ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆ ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಶೆಡ್ಡಿಗೆ ನೂಲು ಬಿಚ್ಚುವ ಒಬ್ಬ ರೀಲರ್ ಬಂದು, ಚಕ್ರ ಹಿಡಿಯುತ್ತಿದೆ, ಸ್ವಲ್ಪ ಸಡಿಲ ಮಾಡು ಅಂತ ತೆಲುಗಿನಲ್ಲಿ, “ಕೊಂಚಂ ಲೂಸ್ ಚೇಯಿ ರಾಮಚಂದ್ರಣ್ಣ,” ಅಂತ ಅಪ್ಪನಿಗೆ ದುಂಬಾಲು ಬಿದ್ದಿದ್ದ. ಅಪ್ಪ, “ನಾನು ಸಡ್ಲ ಮಾಡಲ್ಲ, ಬೇರಿಂಗೇ ಬದಲಾಯಿಸು, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋ,” ಅಂದದ್ದು ಕೇಳಿಸಿತು.

“ಅಪ್ಪ ಯಾವಾಗಿಂದಮ್ಮ ಹಿಂಗಾದ? ನಟ್ಟು ಸಡ್ಲ ಮಾಡೋದ್ರಲ್ಲೇ ಹೆಸರು ತಗೊಂಡೋನು,” ಅಂತ ನಕ್ಕೆ.

ಅಮ್ಮ ಸೊಪ್ಪಿನಿಂದ ಕಣ್ಣೆತ್ತದೆ, “ನಿನ್ನ ಕಾರಿಂದು ಹಂಗೆ ಮಾಡ್ಬಿಟ್ಮೇಲೆ ಅವ್ರು ಯಾವ ನಟ್ಟನ್ನೂ ಹಿಂದಕ್ಕೆ ತಿರುವಿಲ್ಲ ಕಣೇ,” ಅಂದಳು. ಅಂದವಳು ಕೈಯಲ್ಲಿದ್ದ ದಂಟನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟಳು.

“ನನ್ನ ಕಾರಿಂದು ಏನು ಮಾಡಿದ್ರು?”

“ಏನಿಲ್ಲ ಬಿಡೇ. ಬಾಯಿ ತಪ್ಪಿ ಬಂತು.”

“ಅಮ್ಮ.”

ಹೇಳಿದಳು. ಅವಳಿಗೆ ಗೊತ್ತಿದ್ದದ್ದು ಎರಡೇ ಮಾತು. ಪೂಜೆಯ ದಿನ ಅಪ್ಪ ಒಂದು ನಟ್ಟು ಸಡಿಲ ಮಾಡಿದ್ದ, ಅದರಿಂದಲೇ ಕಾರು ಹಾಗಾಯಿತು. “ಹೇಳಿದ್ರೆ ಏನು ಬರ್ತಿತ್ತು ಹೇಳು? ಆಗಿದ್ದು ಆಗೋಗಿತ್ತು. ನಿಂಗೂ ಕೆಲಸ ಸಿಕ್ತು, ಚೆನ್ನಾಗೇ ಇದ್ದೀಯಲ್ಲಮ್ಮ,” ಅಂದಳು. ನಾನು ಚೆನ್ನಾಗಿದ್ದೇನೆ ಅಂತ ನನ್ನ ತಾಯಿ ಏಳು ವರ್ಷದಿಂದ ಅಂದುಕೊಂಡಿದ್ದಾಳೆ. ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದೆ.

ರೀಲರ್ ಹೋಗಿದ್ದ. ಅಪ್ಪ ನನ್ನ ಮುಖ ನೋಡಿದವನೇ ಗ್ರೀಸಿನ ಡಬ್ಬಿ ಕೆಳಗಿಟ್ಟ. ಸುತ್ತು ಬಳಸು ಮಾಡಲಿಲ್ಲ, ಅದೊಂದು ಅವನ ಕಡೆಗೆ ಹೇಳಬೇಕು.

“ಚಕ್ರ ತಿರುಗಿಸ್ದೆ. ಯಾರೋ ಹಿಡ್ಕೊಂಡಂಗಿತ್ತು. ಬಿಗೀ ಚಕ್ರಕ್ಕೆ ಕುಂಕುಮ ಹೆಂಗಮ್ಮ ಇಡೋದು? ಸ್ಪ್ಯಾನರ್ ಅಲ್ಲೇ ಇತ್ತು. ಒಂಚೂರು, ಇಷ್ಟೇ ಇಷ್ಟು ಹಿಂದಕ್ಕೆ ಬಿಟ್ಟೆ.”

“ನಾನು ಅಷ್ಟು ಹೇಳಿದ್ನಲ್ಲ ಅಪ್ಪ, ಬಿಗಿ ಬೇಕೇ ಬೇಕು ಅಂತ.”

“ಹೇಳಿದ್ದೆ. ತಲೆಗೆ ಹೋಗಿತ್ತು, ಕೈಗೆ ಹೋಗಿರ್ಲಿಲ್ಲ.”

“ಬಲಗಡೇದು?”

“ಅಷ್ಟೊತ್ತಿಗೆ ನೀವೆಲ್ಲ ಬಂದ್ಬಿಟ್ರಿ.”

“ಗೆರೆ?”

“ಸೊಟ್ಟಗಾಯ್ತಲ್ಲ. ಪೆಟ್ರೋಲಲ್ಲಿ ಒರೆಸಿ ಮತ್ತೆ ನೆಟ್ಟಗೆ ಎಳೆದೆ. ನಿನ್ನ ಪಾಲಿಷ್ ಬಾಟ್ಲು ಕಿಟಕೀಲಿತ್ತು.” ಅಚ್ಚುಕಟ್ಟಿನ ಕೆಲಸಗಾರ. ಕಾಪಿಯಲ್ಲಿ ಸೊಟ್ಟ ಅಕ್ಷರ ಬರೆದರೆ ನನ್ನಿಂದ ಅಳಿಸಿ ಬರೆಸುತ್ತಿದ್ದವನು.

ಇಲ್ಲಿಯವರೆಗಿನದ್ದನ್ನು ನಾನು ಕ್ಷಮಿಸಬಲ್ಲೆ. ನಿಜವಾಗಿ ಹೇಳುತ್ತೇನೆ, ಆ ಕ್ಷಣದಲ್ಲೇ ಕ್ಷಮಿಸಿದ್ದೆ. ನಲವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ ಅದು, ಅದಕ್ಕೆ ತಿಳಿದದ್ದನ್ನು ಮಾಡಿತು. ಮುಂದಿನದ್ದನ್ನು ಕೇಳಬಾರದಿತ್ತೇನೋ, ಕೇಳಿದೆ. ನಾನು ಬೇರಿಂಗ್ ತಂದ ದಿನ ನಿನಗೆ ಗೊತ್ತಾಗಿತ್ತಾ ಅಂತ.

“ನೋಡ್ತಿದ್ದಂಗೇ ಗೊತ್ತಾಯ್ತು. ಬಿಗಿಗೆ ಬೆಂದ್ರೆ ಉರುಳೆ ಮೈಯೆಲ್ಲ ಸಮ ಸುಡುತ್ತೆ. ಅದು ಅಂಚಲ್ಲಿ ಕುಟ್ಕೊಂಡು ಚಕ್ಕೆ ಎದ್ದಿತ್ತು. ಸಡ್ಲದ ಗುರುತು ಅದು,” ಅಂದ. “ಮಾರನೇ ದಿನ ನವೀನನಿಗೆ ಫೋನ್ ಮಾಡಿ ಎಲ್ಲ ಹೇಳ್ದೆ. ನಾನೇ ಅವಳಿಗೆ ಹೇಳ್ತೀನಿ ಅಂಕಲ್, ನೀವು ಬೇಜಾರ್ ಮಾಡ್ಕೋಬೇಡಿ ಅಂದ,” ಅಂತ ಸೇರಿಸಿದ.

ಅಂದರೆ ಬೀಳ್ಕೊಡುಗೆಯ ದಿನ ನಾನು ಕ್ಷಮೆ ಕೇಳಿದಾಗ ನವೀನನಿಗೆ ಗೊತ್ತಿತ್ತು. ಅಲ್ಲೇ ನಿಂತು ಅವನಿಗೆ ಫೋನ್ ಹಚ್ಚಿದೆ. ಈಗ ಅದೇ ಕಂಪನಿಯಲ್ಲಿ ದೊಡ್ಡ ಹುದ್ದೆ. ವಿಷಯ ಹೇಳಿದೆ.

“ಹಳೇ ಕಥೆ ಅಲ್ವಾ ಸುಮ.”

“ಇಂಟರ್‌ವ್ಯೂನಲ್ಲಿ ಕಾರು ಯಾಕೆ ಫೇಲ್ ಆಯ್ತು ಅಂತ ಕೇಳಿರಬೇಕಲ್ಲ? ಏನಂದೆ?”

“ಇದ್ದದ್ದೇ ಹೇಳ್ದೆ. ಡಿಸೈನ್ ಕರೆಕ್ಟಾಗಿತ್ತು, ಫಿಟ್ಟಿಂಗಲ್ಲಿ ತಪ್ಪಾಯ್ತು, ನಟ್ಟು ಲೂಸಾಗಿತ್ತು ಅಂತ.”

“ಡಿಸೈನ್ ಯಾರದು ಅಂತ ಕೇಳಿದ್ರಾ?”

“ನಮ್ಮ ಟೀಮಿಂದು ಅಂದೆ,” ಅಂದ. ಆಮೇಲೆ ಮೆಲ್ಲಗೆ, “ನೀನು ಹೆಂಗೂ ಬರ್ತಿರ್ಲಿಲ್ಲವಲ್ಲ,” ಅಂದ. ನಾನು ಯಾಕೆ ಬರುತ್ತಿರಲಿಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನನ್ನನ್ನು ಬಿಡುಗಡೆ ಮಾಡಬಹುದಾಗಿದ್ದ ಆ ಒಂದು ಮಾತನ್ನು ಆ ಪುಣ್ಯಾತ್ಮ ತನ್ನ ಕೆಲಸಕ್ಕೆ ಅರ್ಜಿ ಮಾಡಿಕೊಂಡ. ಫೋನ್ ಇಟ್ಟೆ.

ಅವನ ಮೇಲಿನ ಸಿಟ್ಟು ಸುಲಭ. ಹೊರಗಿನವನು, ಹಾಳಾಗಿ ಹೋಗಲಿ. ಅಪ್ಪನ ಮೇಲಿನದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಮಾರನೇ ಬೆಳಿಗ್ಗೆ ಏಳು ಗಂಟೆಯ ಚಿಂತಾಮಣಿ ಬಸ್ಸಿಗೆ ಹೊರಟೆ. ಅಪ್ಪ ಎಂದಿನಂತೆ ನನ್ನ ಬ್ಯಾಗು ಹಿಡಿದುಕೊಂಡು ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಇನ್ನೂ ಬಂದಿರಲಿಲ್ಲ. ಗೂಡು ಮಾರುವವರು ಚೀಲಗಳನ್ನು ಇಳಿಸಿಕೊಳ್ಳುತ್ತಾ ಮಾರ್ಕೆಟ್ಟಿನ ಕಡೆ ಹೋಗುತ್ತಿದ್ದರು. ಹೋಗುವವರೆಲ್ಲ, “ಏನು ರಾಮಚಂದ್ರಣ್ಣ, ಮಗಳು ಬಂದಿದ್ಲಾ?” ಅಂತ ಅಪ್ಪನನ್ನು ಮಾತಾಡಿಸುತ್ತಿದ್ದರು. ಅಪ್ಪ ತಲೆ ಆಡಿಸುತ್ತಿದ್ದ.

“ನವೀನ್ ನನಗೆ ಹೇಳಿದ್ದಾನೆ ಅಂತ ನಿಜವಾಗ್ಲೂ ಅಂದ್ಕೊಂಡಿದ್ಯಾ?” ಅಂತ ಕೇಳಿದೆ.

“ಮೊದ್ಲು ಅಂದ್ಕೊಂಡಿದ್ದೆ. ನೀನು ಇಂಟರ್‌ವ್ಯೂಗೆ ಹೋಗಲ್ಲ ಅಂದಾಗ, ಹೇಳಿಲ್ಲ ಅಂತ ಗೊತ್ತಾಯ್ತು.”

“ಆವಾಗ್ಲಾದ್ರೂ ಹೇಳಬಹುದಿತ್ತಲ್ಲ. ಇನ್ನೂ ಎರಡು ದಿನ ಟೈಮಿತ್ತು. ಟಿಕೆಟ್ ನನ್ನ ಹತ್ರಾನೇ ಇತ್ತು.”

ಅಪ್ಪ ಬ್ಯಾಗನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡ. “ಕಾಲೇಜಲ್ಲಿ ಶಾಲು ಹೊದಿಸಿದ್ರು. ಫೋಟೋ ಊರೆಲ್ಲ ನೋಡಿತ್ತು. ಫಿಟ್ಟರ್ ರಾಮಚಂದ್ರಪ್ಪನೇ ಮಗಳ ಕಾರು ಕೆಡಿಸ್ದ ಅಂದ್ರೆ ನಾಳೆ ಯಾರು ನನ್ನ ಕೈಗೆ ಮೆಷಿನ್ ಕೊಡ್ತಾರೆ ಅನ್ನಿಸ್ತು. ನಿಂಗೆ ಓದಿತ್ತು. ಇದಲ್ಲಾಂದ್ರೆ ಇನ್ನೊಂದು ಕೆಲಸ ಸಿಗುತ್ತೆ ಅಂದ್ಕೊಂಡೆ. ನಂಗೆ ಈ ಕೈ ಬಿಟ್ರೆ ಏನಿತ್ತಮ್ಮ?”

ಅಂದರೆ ಅವನು ಯೋಚನೆ ಮಾಡಿಯೇ ಮಾಡಿದ್ದ. ಅವನ ಹೆಸರು ಒಂದು ಕಡೆ, ನನ್ನದು ಇನ್ನೊಂದು ಕಡೆ ಇಟ್ಟು ನೋಡಿ, ತನ್ನದನ್ನು ಎತ್ತಿಕೊಂಡಿದ್ದ. ನಾನು ಬಿಕ್ಕುತ್ತಿದ್ದಾಗ, ಲೆಕ್ಕ ಎಲ್ಲರಿಗೂ ತಪ್ಪುತ್ತದೆ ಎಂದದ್ದು ಗಾಬರಿಯಲ್ಲಿ ಬಂದ ಮಾತು ಅಂತ ಆ ಬೆಳಗಿನವರೆಗೂ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ದೂರದಲ್ಲಿ ಬಸ್ಸು ತಿರುಗಿತು. ಜನ ಮುಂದಕ್ಕೆ ನುಗ್ಗಿದರು. ಬ್ಯಾಗಿಗೆ ಕೈ ಚಾಚಿ ಕೊನೆಯದಾಗಿ ಒಂದು ಕೇಳಿದೆ.

“ಅಮ್ಮ ಬಾಯಿ ತಪ್ಪಿ ಅನ್ನದೇ ಹೋಗಿದ್ರೆ, ಯಾವತ್ತಾದ್ರೂ ಒಂದಿನ ನೀನಾಗಿ ನೀನೇ ನಂಗೆ ಹೇಳ್ತಿದ್ದಾ ಅಪ್ಪ?”

ಅಪ್ಪ ನೆಲ ನೋಡಿಕೊಂಡು ನಿಜವಾಗಿಯೂ ಯೋಚನೆ ಮಾಡಿದ. ಆಮೇಲೆ ನನ್ನ ಮುಖ ನೋಡಿ, “ಇಲ್ಲಮ್ಮ,” ಅಂದ.

ಬಸ್ಸು ಹತ್ತಿ ಕೂತೆ. ಅವತ್ತೇ ಮಧ್ಯಾಹ್ನ ಆ ನಾಲ್ಕು ಹುಡುಗಿಯರನ್ನು ಕರೆಸಿ, ಕಾರು ಕಟ್ಟೋಣ ಬನ್ನಿ, ಲೆಕ್ಕ ನಾನು ಮಾಡುತ್ತೇನೆ ಅಂದೆ. ಅವರು ಕುಣಿದಾಡಿದರು. ನನಗೆ ಮಾತ್ರ ಅಪ್ಪನ ಆ ಉತ್ತರ ಎಳ್ಳಷ್ಟೂ ಕರಗಿಲ್ಲ. ಅಷ್ಟು ವರ್ಷ ಸುಲಭವಾಗಿ ಮುಚ್ಚಿಟ್ಟವನು, ಅದೊಂದು ಪ್ರಶ್ನೆಗಾದರೂ ನನಗೋಸ್ಕರ ಒಂದು ಸುಳ್ಳು ಹೇಳಬಹುದಿತ್ತು.